ಚೀಟಿಯ ಮೇಲೆ ಊರಿನ ಹೆಸರಿರಲಿ

ಪ್ರವಾಸದ ದಿನಗಳು ಮುಗಿದ ಮೇಲೆ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳ ವಿಜ್ಞಾನ ಮೂಲೆಗಳಿಗೆ ಹೊಸ ಕಳೆ ಬರುತ್ತದೆ. ಗೋಕರ್ಣ, ಮುರುಡೇಶ್ವರ, ಮಲ್ಪೆ ನೋಡಿಕೊಂಡು ಬಂದ ಮಕ್ಕಳು ಅಂಗಿಯ ಜೇಬಿನಲ್ಲಿ, ಊಟದ ಡಬ್ಬಿಯಲ್ಲಿ ಚಿಪ್ಪುಗಳನ್ನು ತುಂಬಿಕೊಂಡು ಬಂದಿರುತ್ತಾರೆ. ಜಗಳೂರಿನಂಥ ಬರದ ಸೀಮೆಯಲ್ಲಿ ಸಮುದ್ರದ ಚಿಪ್ಪು ಎಂದರೆ ಸಣ್ಣ ಸಂಗತಿಯಲ್ಲ. ಶಿಕ್ಷಕರು ಅವನ್ನು ತೊಳೆದು, ಗಾಜಿನ ಬಾಟಲಿಗೆ ಹಾಕಿ, ಮೇಲೊಂದು ಚೀಟಿ ಅಂಟಿಸುತ್ತಾರೆ. ಚೀಟಿಯಲ್ಲಿ ‘ಶಂಖ’ ಎಂದಿರುತ್ತದೆ, ಇಲ್ಲವೇ ‘ಮೃದ್ವಂಗಿಗಳು’ ಎಂದಿರುತ್ತದೆ. ಇನ್ನೂ ಉತ್ಸಾಹಿಗಳಾದರೆ ಯಾವುದೋ ಗೈಡು ನೋಡಿ ಒಂದು ಲ್ಯಾಟಿನ್ ಹೆಸರನ್ನೂ ಬರೆದಿರುತ್ತಾರೆ.

ಶಾಲೆಗಳನ್ನು ಸುತ್ತುವುದೇ ನನ್ನ ಕೆಲಸವಾದ್ದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲ ಕಡೆ ಇಂಥ ಬಾಟಲಿಗಳನ್ನು ನೋಡಿದ್ದೇನೆ. ಆ ಚಿಪ್ಪು ಯಾವ ಊರಿನ ದಡದ್ದು, ಸಿಕ್ಕಿದ್ದು ಯಾವ ವರ್ಷ, ಬಂಡೆಯ ಮೇಲಿತ್ತೋ ಮರಳಿನಲ್ಲಿತ್ತೋ ಎಂಬುದನ್ನು ಬರೆದ ಚೀಟಿ ಮಾತ್ರ ತೀರಾ ಅಪರೂಪ. ನನ್ನ ಅಭಿಪ್ರಾಯದಲ್ಲಿ ನಾವು ಕೆಲಸವನ್ನು ತಲೆಕೆಳಗಾಗಿ ಮಾಡುತ್ತಿದ್ದೇವೆ. ಹೆಸರು ತಪ್ಪಾಗಿದ್ದರೆ ನಾಳೆ ಬಲ್ಲವರು ಯಾರಾದರೂ ತಿದ್ದಬಹುದು. ಊರನ್ನು ಬರೆಯದೆ ಬಿಟ್ಟರೆ ಅದನ್ನು ಯಾರೂ ಮರಳಿ ತರಲಾರರು. ಇದಕ್ಕೆ ಸಮುದ್ರದ ದಡದ ಒಂದು ಪುಟ್ಟ ಬಸವನಹುಳುವಿನ ಕಥೆಯೇ ಸಾಕ್ಷಿ.

ಇಂಗ್ಲಿಷಿನಲ್ಲಿ ಇದಕ್ಕೆ ಪೆರಿವಿಂಕಲ್ ಎನ್ನುತ್ತಾರೆ. ನಮ್ಮ ಅಂಗಳದ ನಿತ್ಯಪುಷ್ಪದ ಗಿಡಕ್ಕೂ ಅದೇ ಹೆಸರಿದೆ. ಮೊಬೈಲಿನಲ್ಲಿ ಹುಡುಕಿದವರಿಗೆ ಮೊದಲು ಸಿಗುವುದು ಹೂವೇ! ನಾನಿಲ್ಲಿ ‘ದಡದ ಬಸವನಹುಳು’ ಎಂದೇ ಕರೆಯುತ್ತೇನೆ. ಇದಕ್ಕೊಂದು ಭಾರವಾದ ಸಂಸ್ಕೃತದ ಹೆಸರನ್ನು ಕಟ್ಟಿ ಮಕ್ಕಳ ತಲೆಯ ಮೇಲೆ ಹೊರಿಸುವ ಆಸೆ ನನಗಿಲ್ಲ. ಇದು ಒಂದು ಹುಳುವಲ್ಲ, ಲಿಟ್ಟೊರಿನಿಡೇ ಎಂಬ ದೊಡ್ಡ ಕುಟುಂಬ. ಉಷ್ಣವಲಯದ ದಡಗಳಲ್ಲಿ ಇದರ ಎರಡು ಬಗೆ ಮುಖ್ಯ. ಒಂದು ಬಗೆ ಬಂಡೆಗಳ ಮೇಲೆ ಇರುವಂಥದ್ದು. ಕಡಲೆಕಾಳಿನ ಗಾತ್ರ, ಚಿಪ್ಪಿನ ಮೇಲೆ ಸಾಲು ಸಾಲು ಗಂಟುಗಳು. ಇನ್ನೊಂದು ಬಗೆ ಅಳಿವೆಗಳಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಮೇಲೆ ಇರುವಂಥದ್ದು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ನಮ್ಮ ಉತ್ತರ ಕನ್ನಡದ ಕಾಳಿ, ಅಘನಾಶಿನಿ ನದಿಗಳು ಸಮುದ್ರ ಸೇರುವಲ್ಲಿ ಇಂಥ ಕಾಂಡ್ಲಾ ವನಗಳಿವೆ. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಈ ಹುಳುವಿನ ಸ್ವಭಾವವೇ ವಿಚಿತ್ರ. ಸಮುದ್ರದ ಜೀವಿ, ಆದರೆ ನೀರಿನಲ್ಲಿ ಇರಲು ಒಲ್ಲದು! ಉಬ್ಬರ ಏರಿದಂತೆ ಕಾಂಡ್ಲಾದ ಹುಳು ಮರದ ಮೇಲಕ್ಕೆ ಹತ್ತುತ್ತದೆ, ಇಳಿತವಾದಾಗ ಕೆಳಕ್ಕೆ ಬರುತ್ತದೆ. ಬಂಡೆಯ ಹುಳು ಅಲೆಯ ತುಂತುರು ಮಾತ್ರ ಮುಟ್ಟುವ ಎತ್ತರದಲ್ಲಿ ಅಂಟಿಕೊಂಡು, ತೇವವಾದಾಗ ಮಾತ್ರ ಹೊರಬಂದು, ಗರಗಸದಂಥ ನಾಲಿಗೆಯಿಂದ ಬಂಡೆಯ ಪಾಚಿಯನ್ನು ಕೆರೆದು ತಿನ್ನುತ್ತದೆ. ಉಳಿದ ಹೊತ್ತೆಲ್ಲ ಬಿಸಿಲೇ ಬಿಸಿಲು. ಏಪ್ರಿಲ್ ತಿಂಗಳ ಮಧ್ಯಾಹ್ನ ಬಯಲಿನ ಹಾಸುಬಂಡೆಯ ಮೇಲೆ ಬರಿಗಾಲು ಇಟ್ಟವರಿಗೆ ಅದರ ಕಷ್ಟ ಗೊತ್ತಾದೀತು. ಅದು ಮಾಡುವ ಉಪಾಯ ನೋಡಿ: ಚಿಪ್ಪಿನ ಅಂಚನ್ನು ಒಂದು ಹನಿ ಲೋಳೆಯಿಂದ ಬಂಡೆಗೆ ಅಂಟಿಸಿ, ಪಾದವನ್ನು ಒಳಗೆಳೆದು, ಬಾಗಿಲಿನಂಥ ಮುಚ್ಚಳವನ್ನು ಹಾಕಿಕೊಳ್ಳುತ್ತದೆ. ಲೋಳೆ ಒಣಗಿ ಗೋಂದಿನಂತಾಗುತ್ತದೆ. ಕಾದ ಬಂಡೆಗೆ ಈಗ ತಗುಲಿರುವುದು ಚಿಪ್ಪಿನ ತುದಿ ಮಾತ್ರ. ಬ್ರೂನೈ ದೇಶದಲ್ಲಿ ಈ ಬಂಡೆಯ ಹುಳುಗಳನ್ನು ಅಭ್ಯಾಸ ಮಾಡಿದ ಡೇವಿಡ್ ಮಾರ್ಷಲ್ ಮತ್ತು ಅವರ ಸಂಗಡಿಗರು ಇನ್ನೊಂದು ಸಂಗತಿಯನ್ನು ಕಂಡರು. ಸಾಮಾನ್ಯವಾಗಿ ಶೀತರಕ್ತ ಪ್ರಾಣಿಗಳಲ್ಲಿ ಶಾಖ ಏರಿದಂತೆ ದೇಹದ ರಾಸಾಯನಿಕ ಕ್ರಿಯೆಗಳ ವೇಗವೂ ಏರುತ್ತದೆ. ಈ ಹುಳುವಿನಲ್ಲಿ ಒಂದು ಹಂತದ ಮೇಲೆ ಶಾಖ ಏರಿದರೆ ವೇಗ ತಗ್ಗುತ್ತದೆ! ದೇಹದ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ದಾಟಿದರೂ ಅದು ಬದುಕಬಲ್ಲದು.

ಇನ್ನು ಹೆಸರಿನ ವಿಚಾರಕ್ಕೆ ಬರೋಣ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ತನ್ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಕಾಂಡ್ಲಾದ ಹುಳುವಿಗೆ ‘ಹೀಲಿಕ್ಸ್ ಸ್ಕೇಬ್ರಾ’ ಎಂದು ಹೆಸರಿಟ್ಟ. ಸ್ಕೇಬ್ರಾ ಎಂದರೆ ಒರಟು. ಹೀಲಿಕ್ಸ್ ಎಂದರೆ ಸುರುಳಿ. ಆಗ ಹೀಲಿಕ್ಸ್ ಎಂಬುದು ದೊಡ್ಡ ಚೀಲ. ತೋಟದ ಬಸವನಹುಳುವೂ ಅದರಲ್ಲೇ, ಸಮುದ್ರದ್ದೂ ಅದರಲ್ಲೇ. ಮುಂದೆ 1822ರಲ್ಲಿ ಫ್ರಾನ್ಸಿನ ಫೆರುಸಾಕ್ ದಡದ ಹುಳುಗಳಿಗೆಂದು ಲಿಟ್ಟೊರೈನಾ ಎಂಬ ಬೇರೆ ಜಾತಿಯನ್ನು ಮಾಡಿದ. ನಮ್ಮ ಒರಟು ಹುಳು ಬಹುಕಾಲ ಲಿಟ್ಟೊರೈನಾ ಸ್ಕೇಬ್ರಾ ಎಂದೇ ಪುಸ್ತಕಗಳಲ್ಲಿ ಇತ್ತು. 1830ರ ದಶಕದಷ್ಟು ಹಿಂದೆಯೇ ಹುಟ್ಟಿದ್ದ ಲಿಟ್ಟೊರೇರಿಯಾ ಎಂಬ ಜಾತಿಯ ಹೆಸರಿಗೆ ಈಗ ಅದು ಸೇರಿದೆ. ಇಂದಿನ ಸರಿಯಾದ ಹೆಸರು ಲಿಟ್ಟೊರೇರಿಯಾ ಸ್ಕೇಬ್ರಾ (ಲಿನೇಯಸ್, 1758). ಇಲ್ಲಿ ಲಿನೇಯಸ್‌ನ ಹೆಸರು ಕಂಸದಲ್ಲಿ ಏಕಿದೆ ಎಂದು ಎಷ್ಟು ಜನ ಕೇಳಿದ್ದೇವೆ? ‘ಹೆಸರಿಟ್ಟವನು ಇದನ್ನು ಬೇರೆ ಜಾತಿಯಲ್ಲಿ ಇಟ್ಟಿದ್ದ, ಆಮೇಲೆ ಸ್ಥಳಾಂತರವಾಗಿದೆ’ ಎಂದು ಆ ಕಂಸ ಹೇಳುತ್ತದೆ. ಒಂದು ಜೊತೆ ಕಂಸದಲ್ಲಿ ಇಷ್ಟು ಇತಿಹಾಸ!

ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ವಿವರಿಸುವುದು ಬಹಳ ಸುಲಭ. 1997ರ ಆಗಸ್ಟ್‌ವರೆಗೆ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು. ದಾವಣಗೆರೆ ಜಿಲ್ಲೆಯಾದಾಗ ಎಲ್ಲವೂ ಈ ಕಡೆ ಬಂದವು. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಬಂದು, ಮತ್ತೆ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಊರು ಇದ್ದಲ್ಲೇ ಇದೆ, ಕೆರೆ ಇದ್ದಲ್ಲೇ ಇದೆ. ಬದಲಾದದ್ದು ವಿಳಾಸದ ಕೊನೆಯ ಸಾಲು. ಹುಳುವಿನ ಜಾತಿಯ ಹೆಸರೂ ಹಾಗೆಯೇ. ಈ ಪಾಠ ಹೇಳುತ್ತಿದ್ದಾಗ ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಹೆಸರು ಬದಲಾಗಿದ್ದು ಆ ಹುಳಕ್ಕೆ ಗೊತ್ತಾಗುತ್ತಾ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಹುಳಕ್ಕೆ ಗೊತ್ತಾಗುವುದಿಲ್ಲ, ಹೆಸರು ಇರುವುದು ನಮಗಾಗಿ, ನಮ್ಮ ತಿಳಿವಳಿಕೆ ಬದಲಾದಂತೆ ಹೆಸರೂ ಬದಲಾಗುತ್ತದೆ.

ಹೆಸರು ಬದಲಾಗುವುದರ ಇನ್ನೊಂದು ಬಗೆ ಹೆಚ್ಚು ಗಂಭೀರವಾದದ್ದು. ಕಾಂಡ್ಲಾ ಮರದ ಹುಳುಗಳಲ್ಲಿ ಕಂದು, ಹಳದಿ, ನಸುಗೆಂಪು ಎಲ್ಲ ಬಣ್ಣಗಳೂ ಇವೆ, ದಪ್ಪ ಚಿಪ್ಪಿನವೂ ತೆಳು ಚಿಪ್ಪಿನವೂ ಇವೆ. 1970ರಲ್ಲಿ ಅಮೆರಿಕದ ಜೋಸೆಫ್ ರೋಸ್‌ವಾಟರ್ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ಈ ಕುಟುಂಬದ ಬಗ್ಗೆ ಬರೆದಾಗ ಇಂಥ ಹಲವು ರೂಪಗಳನ್ನು ಸ್ಕೇಬ್ರಾ ಎಂಬ ಒಂದೇ ಪ್ರಭೇದದೊಳಗೆ ಇಟ್ಟರು. ಚಿಪ್ಪುಗಳನ್ನು ಮಾತ್ರ ಎದುರಿಗಿಟ್ಟುಕೊಂಡರೆ ಯಾರಿಗಾದರೂ ಹಾಗೆ ಅನ್ನಿಸುವಂಥದ್ದೇ. ಒಂದು ರೂಪ ಇನ್ನೊಂದರೊಳಕ್ಕೆ ಹೊಕ್ಕಂತೆ ಕಾಣುತ್ತದೆ. ಆಮೇಲೆ ಬ್ರಿಟನ್ನಿನ ಡೇವಿಡ್ ರೀಡ್ ಮರಗಳ ಬಳಿಗೇ ಹೋಗಿ ನೋಡಿದರು. ಚಿಪ್ಪಿನ ಒಳಗಿನ ಮೃದು ದೇಹವನ್ನು, ಮುಖ್ಯವಾಗಿ ಪ್ರಜನನಾಂಗಗಳನ್ನು ಪರೀಕ್ಷಿಸಿದರು. ಯಾವುದು ಎಲೆಯ ಮೇಲಿದೆ, ಯಾವುದು ಕಾಂಡದ ಮೇಲಿದೆ ಎಂದು ಬರೆದುಕೊಂಡರು. 1986ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಪ್ರಕಟಿಸಿದ ಅವರ ಗ್ರಂಥದಲ್ಲಿ ಆ ಒಂದು ‘ಸ್ಕೇಬ್ರಾ’ ಒಡೆದು ಹಲವು ಪ್ರಭೇದಗಳಾದವು. ಎಲೆಗಳ ನಡುವೆ ಬದುಕುವವುಗಳ ಚಿಪ್ಪು ತೆಳು, ಬಣ್ಣ ಹಲವು. ಕಾಂಡ ಮತ್ತು ಬೇರುಗಳ ಮೇಲಿರುವ ನಿಜವಾದ ಸ್ಕೇಬ್ರಾದ ಚಿಪ್ಪು ದಪ್ಪ. ಅಲ್ಲಿ ಏಡಿಗಳ ಕಾಟ ಹೆಚ್ಚು, ತೆಳು ಚಿಪ್ಪನ್ನು ಅವು ಒಡೆದು ತಿನ್ನುತ್ತವೆ. ಅಂದರೆ ‘ಯಾವುದರ ಮೇಲೆ ಸಿಕ್ಕಿತು’ ಎಂಬ ಒಂದು ಮಾತು ಚಿಪ್ಪಿನಷ್ಟೇ ಮುಖ್ಯವಾದ ಸುಳಿವು.

ಈಗ ಭೂಪಟವನ್ನು ನೆನಪಿಸಿಕೊಳ್ಳಿ. ನಿಜವಾದ ಸ್ಕೇಬ್ರಾ ಆಫ್ರಿಕಾದ ಪೂರ್ವ ತೀರದಿಂದ ಹಿಡಿದು ನಮ್ಮ ಸಮುದ್ರವನ್ನು ದಾಟಿ ಹವಾಯಿ ದ್ವೀಪಗಳವರೆಗೂ ಹರಡಿದೆ. ಗಂಟೆಗೆ ಕೆಲವು ಅಡಿ ತೆವಳುವ ಹುಳು ಅಷ್ಟು ದೂರ ಹೋದದ್ದು ಹೇಗೆ? ತೆವಳಿಕೊಂಡಲ್ಲ, ತೇಲಿಕೊಂಡು. ಹೆಣ್ಣು ಹುಳು ಮೊಟ್ಟೆಗಳನ್ನು ತನ್ನ ಚಿಪ್ಪಿನೊಳಗೇ ಕಾಪಾಡಿ, ಈಜಬಲ್ಲ ಮರಿಗಳನ್ನು ನೀರಿಗೆ ಬಿಡುತ್ತದೆ. ಬರಿಗಣ್ಣಿಗೆ ಸರಿಯಾಗಿ ಕಾಣದ ಆ ಮರಿಗಳು ವಾರಗಟ್ಟಲೆ ಸಾಗರದ ಪ್ರವಾಹದಲ್ಲಿ ತೇಲುತ್ತ ಹೋಗಿ ಇನ್ನೊಂದು ದಡ ಹಿಡಿಯುತ್ತವೆ. ಆದರೆ ಅಟ್ಲಾಂಟಿಕ್ ಸಾಗರದ ಕಾಂಡ್ಲಾಗಳಲ್ಲಿ ಸಿಗುವ, ನೋಡಲು ಇದರಂತೆಯೇ ಇರುವ ಹುಳು ಬೇರೆಯೇ ಪ್ರಭೇದ, ಲಿಟ್ಟೊರೇರಿಯಾ ಆಂಗ್ಯುಲಿಫೆರಾ. ಅದನ್ನೂ ಒಂದು ಕಾಲಕ್ಕೆ ಸ್ಕೇಬ್ರಾದ ಉಪಪ್ರಭೇದವೆಂದೇ ಎಣಿಸಿದ್ದರು. ಇಷ್ಟು ತೇಲುವ ಶಕ್ತಿಯಿದ್ದರೂ ಎಲ್ಲ ಪ್ರಭೇದಗಳೂ ಎಲ್ಲ ಕಡೆ ಇಲ್ಲ. ಕೆಲವಕ್ಕೆ ಖಂಡಗಳ ಅಂಚಿನ, ನದಿಗಳು ತಂದ ಸತ್ವವಿರುವ ಕದಡಿದ ನೀರು ಹಿಡಿಸುತ್ತದೆ. ಕೆಲವಕ್ಕೆ ದ್ವೀಪಗಳ ಸುತ್ತಲಿನ ತಿಳಿನೀರೇ ಬೇಕು. ಕೆಲವಂತೂ ಒಂದು ಸಣ್ಣ ಕರಾವಳಿಯಲ್ಲಷ್ಟೇ ಇವೆ. ಹತ್ತು ಪ್ರಭೇದಗಳಿಗೆ ಒಂದೇ ಹೆಸರು ಕೊಟ್ಟರೆ ‘ಎಲ್ಲೆಲ್ಲೂ ಇದೆ, ಚಿಂತೆಯಿಲ್ಲ’ ಎಂದು ಭೂಪಟ ಹೇಳುತ್ತದೆ. ಅದರಡಿಯಲ್ಲಿ ಸಣ್ಣ ಜಾಗಕ್ಕೆ ಅಂಟಿಕೊಂಡಿರುವ ಪ್ರಭೇದ ಅಡಗಿರುತ್ತದೆ. ಅದರ ಕಾಂಡ್ಲಾ ಕಡಿದು ಸಿಗಡಿ ಕೆರೆ ಮಾಡಿದರೆ ಅದು ಹೋದದ್ದೂ ಗೊತ್ತಾಗುವುದಿಲ್ಲ.

ಬಂಡೆಯ ಹುಳುವಿನ ಕಥೆ ಇನ್ನೂ ಸ್ವಾರಸ್ಯದ್ದು. ಆಸ್ಟ್ರೋಲೇಬ್ ಎಂಬ ಫ್ರೆಂಚ್ ಹಡಗಿನಲ್ಲಿ ಸಾಗರಗಳನ್ನು ಸುತ್ತಿದ ಕ್ವಾ ಮತ್ತು ಗೇಮಾರ್ ಎಂಬಿಬ್ಬರು 1833ರಲ್ಲಿ ಆಸ್ಟ್ರೇಲಿಯಾದ ಪೂರ್ವ ತೀರದ ಗಂಟುಚಿಪ್ಪಿನ ಹುಳುವೊಂದಕ್ಕೆ ‘ಪಿರಮಿಡಾಲಿಸ್’ ಎಂದು ಹೆಸರಿಟ್ಟರು. ಪಿರಮಿಡ್ಡಿನಂತೆ ಚೂಪಾಗಿತ್ತು, ಅದಕ್ಕೇ ಆ ಹೆಸರು. ಏಷ್ಯಾದ ದಡಗಳಲ್ಲೂ ಗಂಟುಚಿಪ್ಪಿನ ಹುಳುಗಳಿದ್ದವಲ್ಲ, ಅವಕ್ಕೂ ಅದೇ ಹೆಸರು ಅಂಟಿತು. ನೋಡಿಲಿಟ್ಟೊರೈನಾ ಪಿರಮಿಡಾಲಿಸ್ ಎಂಬ ಹೆಸರು ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ನಕಲಾಗುತ್ತ ಹೋಯಿತು, ಭಾರತದ ಪಟ್ಟಿಗಳಿಗೂ ಬಂತು. 2003ರಲ್ಲಿ ಸುಝಾನ್ ವಿಲಿಯಮ್ಸ್, ಡೇವಿಡ್ ರೀಡ್ ಮತ್ತು ಟಿಮ್ ಲಿಟಲ್‌ವುಡ್ ಡಿಎನ್ಎ ಹೋಲಿಸಿ ನೋಡಿದಾಗ ಈ ಗಂಟುಚಿಪ್ಪುಗಳೆಲ್ಲ ಒಂದೇ ವಂಶದವಲ್ಲ ಎಂದು ತಿಳಿಯಿತು. ಬಿಸಿಲು, ಬಂಡೆ, ಅಲೆ ಒಂದೇ ತರಹ ಇದ್ದಲ್ಲಿ ಬೇರೆ ಬೇರೆ ವಂಶದವೂ ಒಂದೇ ತರಹದ ಚಿಪ್ಪು ಕಟ್ಟಿಕೊಂಡಿದ್ದವು. ಜಾತಿ ಒಡೆಯಿತು. ಉಷ್ಣವಲಯದ ಹುಳುಗಳಿಗೆ ಎಕೈನೊಲಿಟ್ಟೊರೈನಾ ಎಂಬ ಹೆಸರಾಯಿತು. ನೋಡಿಲಿಟ್ಟೊರೈನಾ ಎಂಬ ಹಳೆಯ ಜಾತಿಯಲ್ಲಿ ಉಳಿದದ್ದು ಆಸ್ಟ್ರೇಲಿಯಾ ಕಡೆಯ ಪಿರಮಿಡಾಲಿಸ್ ಒಂದೇ! ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾದಾಗ ‘ಹೊನ್ನಾಳಿ ತಾಲ್ಲೂಕು’ ಎಂಬ ಹೆಸರು ಹೊನ್ನಾಳಿಯ ಜೊತೆಗೇ ಉಳಿಯಿತಲ್ಲ, ಹಾಗೆ. ಏಷ್ಯಾದಲ್ಲಿ ಪಿರಮಿಡಾಲಿಸ್ ಎಂದು ಕರೆಸಿಕೊಂಡಿದ್ದ ಹುಳುಗಳಲ್ಲಿ ಬಹುಪಾಲಿನದಕ್ಕೆ ಇಂದು ಎಕೈನೊಲಿಟ್ಟೊರೈನಾ ಮಲಕ್ಕಾನಾ ಎಂದು ಹೆಸರು. ಮಲಾಕ್ಕಾ ಎಂಬ ಊರಿನ ಹೆಸರೇ ಅದರ ಮೈಮೇಲಿದೆ. ಬ್ರೂನೈನಲ್ಲಿ ಬಿಸಿಲಿಗೆ ಸವಾಲು ಹಾಕಿದ್ದು ಇದೇ.

ಈ ತಿದ್ದುಪಡಿ ಸಾಧ್ಯವಾದದ್ದು ಹೇಗೆ? ಇಲ್ಲೇ ನನ್ನ ವಾದದ ತಿರುಳಿರುವುದು. ಹಡಗಿನ ಆ ಇಬ್ಬರು ತಮ್ಮ ಹುಳು ಎಲ್ಲಿ ಸಿಕ್ಕಿತು ಎಂದು ಬರೆದಿಟ್ಟಿದ್ದರು. ಹೆಸರು ಮೊದಲು ಯಾವ ಮಾದರಿಗೆ ಇಟ್ಟದ್ದೋ ಆ ಮಾದರಿಗೇ ಸೇರಿದ್ದು ಎಂಬುದು ನಾಮಕರಣದ ನಿಯಮ. ಹಾಗಾಗಿ ‘ಈ ಹೆಸರು ಆಸ್ಟ್ರೇಲಿಯಾದ ಹುಳುವಿನದು, ಏಷ್ಯಾದ್ದಕ್ಕೆ ಬೇರೆ ಹೆಸರು ಹುಡುಕಿ’ ಎನ್ನಲು ಆಯಿತು. ಸಂಗ್ರಹಾಲಯಗಳ ಕಪಾಟುಗಳಲ್ಲಿ ನೂರು, ನೂರೈವತ್ತು ವರ್ಷಗಳಿಂದ ಕುಳಿತಿದ್ದ ಚಿಪ್ಪುಗಳ ಹೆಸರು ತಪ್ಪಾಗಿದ್ದರೂ, ಚೀಟಿಯಲ್ಲಿ ಊರಿದ್ದರೆ ಅವು ಕೆಲಸಕ್ಕೆ ಬರುತ್ತವೆ. ಊರಿಲ್ಲದ ಚಿಪ್ಪು, ಲ್ಯಾಟಿನ್ ಹೆಸರು ಎಷ್ಟೇ ಅಂದವಾಗಿ ಬರೆದಿದ್ದರೂ, ಭೂಪಟದಲ್ಲಿ ಒಂದು ಚುಕ್ಕೆಯಾಗಲಾರದು.

ಆದ್ದರಿಂದ ಚೀಟಿಯಲ್ಲಿ ಮೊದಲು ಬರೆಯಬೇಕಾದದ್ದು ಎಲ್ಲಿ, ಯಾವ ದಿನ, ಯಾವುದರ ಮೇಲೆ, ಕಂಡವರು ಯಾರು. ಹೆಸರು ಕೊನೆಗೆ, ಗೊತ್ತಿದ್ದರೆ ಮಾತ್ರ. ‘ಸಮುದ್ರ’ ಎಂಬುದು ಊರಲ್ಲ. ‘ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪ, ಕಂಬದಂಥ ಬಂಡೆಗಳ ಮೇಲೆ’ ಎಂಬುದು ಊರು. ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಕದಡುತ್ತದೆ, ಬಿಸಿಲಿಗೆ ಮಾಸುತ್ತದೆ. ಚೀಟಿಯನ್ನು ಬಾಟಲಿಯ ಹೊರಗೆ ಅಂಟಿಸುವುದಕ್ಕಿಂತ ಒಳಗೆ ಹಾಕುವುದು ಮೇಲು. ಗೋಂದು ಎರಡು ಮಳೆಗಾಲದಲ್ಲಿ ಬಿಟ್ಟುಹೋಗುತ್ತದೆ. ಒಂದು ಎಚ್ಚರಿಕೆ: ಜೀವವಿರುವ ಹುಳುಗಳನ್ನು ಕಿತ್ತು ತರಬೇಡಿ, ಫೋಟೋ ಸಾಕು. ಕೆಲವು ದೊಡ್ಡ ಶಂಖ, ಕವಡೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಖಾಲಿ ಚಿಪ್ಪನ್ನೂ ಒಮ್ಮೆ ತಿರುಗಿಸಿ ನೋಡಿ. ಒಳಗೆ ಸನ್ಯಾಸಿ ಏಡಿ ಸಂಸಾರ ಹೂಡಿರಬಹುದು.

ಈಗಾಗಲೇ ಬಾಟಲಿಗಳಲ್ಲಿ ಇರುವ ಚಿಪ್ಪುಗಳನ್ನು ಎಸೆಯುವುದು ಬೇಡ. ಸುರುಳಿ ಯಾವ ಕಡೆ ತಿರುಗುತ್ತದೆ, ಸುತ್ತು ಎಷ್ಟು, ಬಾಯಿ ಅಗಲವೋ ಕಿರಿದೋ ಎಂದು ಕಲಿಸಲು ಅವು ಚೆನ್ನಾಗಿಯೇ ಇವೆ. ಚೀಟಿಯಲ್ಲಿ ‘ಸ್ಥಳ ತಿಳಿದಿಲ್ಲ’ ಎಂದು ಬರೆಯಿರಿ. ಹೋದ ವರ್ಷದ ಪ್ರವಾಸ ಗೋಕರ್ಣಕ್ಕೆ ಆಗಿತ್ತಲ್ಲ ಎಂದು ಊಹಿಸಿ ‘ಗೋಕರ್ಣ’ ಎಂದು ಬರೆದರೆ ಅದು ಖಾಲಿ ಚೀಟಿಗಿಂತ ಕೆಟ್ಟದ್ದು.

“ನಾಲ್ಕನೇ ತರಗತಿಯ ಮಕ್ಕಳಿಗೆ ಲಿಟ್ಟೊರೇರಿಯಾ ಎಲ್ಲಿ ಬರುತ್ತೆ ಬಿಡ್ರೀ, ಬಸವನಹುಳು ಅಂದ್ರೆ ಸಾಕಲ್ವಾ?” ಎಂದು ಒಂದು ತರಬೇತಿಯಲ್ಲಿ ಹಿರಿಯ ಶಿಕ್ಷಕರೊಬ್ಬರು ಕೇಳಿದರು. ಅವರ ಮಾತಿನ ಅರ್ಧವನ್ನು ನಾನು ಒಪ್ಪುತ್ತೇನೆ. ಬಾಯಿಪಾಠಕ್ಕೆ ಲ್ಯಾಟಿನ್ ಬೇಡವೇ ಬೇಡ. ಕೊಂಬಿನಂಥ ಎರಡು ಸ್ಪರ್ಶಾಂಗಗಳನ್ನು ಕಂಡು ಬಸವನನ್ನು ನೆನೆದ ನಮ್ಮ ಹಿರಿಯರ ಹೆಸರು ಲಿನೇಯಸ್‌ನ ಹೆಸರಿಗಿಂತ ಚೆನ್ನಾಗಿಯೂ ಇದೆ. ಆದರೆ ಗದ್ದೆಯದು, ಕೆರೆಯದು, ಬಂಡೆಯದು ಎಲ್ಲವೂ ಬಸವನಹುಳುವೇ ಆದರೆ ನಾವೂ 1758ರ ಹೀಲಿಕ್ಸ್ ಚೀಲಕ್ಕೇ ಮರಳಿದಂತೆ. ಮಕ್ಕಳು ತಮ್ಮದೇ ಹೆಸರಿಟ್ಟು ಬೇರ್ಪಡಿಸಲಿ. ‘ಗಂಟುಚಿಪ್ಪಿನದು’, ‘ನಯಚಿಪ್ಪಿನದು’ ಎಂದರೂ ಅದು ವಿಜ್ಞಾನವೇ.

ಕ್ವಿಜ್ ಸ್ಪರ್ಧೆ ನಡೆಸುವ ಗೆಳೆಯರಿಗೂ ಒಂದು ಮಾತು. ‘ವೈಜ್ಞಾನಿಕ ಹೆಸರೇನು?’ ಎಂದು ಕೇಳಿ, ಉತ್ತರದ ಹಾಳೆಯಲ್ಲಿ ಇಪ್ಪತ್ತು ವರ್ಷ ಹಳೆಯ ಹೆಸರಿಟ್ಟುಕೊಂಡು, ಹೊಸ ಹೆಸರು ಹೇಳಿದ ಮಗುವಿಗೆ ಅಂಕ ಕಳೆಯುವುದನ್ನು ಕಂಡಿದ್ದೇನೆ. ಮಗು ಅಳುತ್ತ ಹೋಯಿತು, ಹಾಳೆ ಗೆದ್ದಿತು. ಸಮುದ್ರಜೀವಿಗಳಾದರೆ ವರ್ಲ್ಡ್ ರಿಜಿಸ್ಟರ್ ಆಫ್ ಮೆರೈನ್ ಸ್ಪೀಷೀಸ್ ಎಂಬ ಅಂತರರಾಷ್ಟ್ರೀಯ ದಾಖಲೆಯಲ್ಲಿ ಹಳೆಯ ಹೆಸರು ಕೊಟ್ಟರೆ ಇಂದಿನ ಹೆಸರು ಸಿಗುತ್ತದೆ, ಮೊಬೈಲಿನಲ್ಲೇ ನೋಡಬಹುದು. ಎರಡೂ ಹೆಸರಿಗೆ ಅಂಕ ಕೊಡಿ. ಸಾಧ್ಯವಾದರೆ ‘ಹೆಸರು ಏಕೆ ಬದಲಾಯಿತು?’ ಎಂದು ಕೇಳಿ.

ಇದೆಲ್ಲ ಸಮುದ್ರದ ಮಾತಾಯಿತು, ಜಗಳೂರಿಗೇನು ಎನ್ನುವಿರಾ? ನಮ್ಮ ಕೆರೆಗಳಲ್ಲೂ ಬಸವನಹುಳುಗಳಿವೆ, ಅವುಗಳಲ್ಲಿ ಯಾವುದು ಯಾವುದೆಂದು ತಿಳಿಯುವುದು ನಮ್ಮ ದನ ಕುರಿಗಳಿಗೆ ಸಂಬಂಧಿಸಿದ ವಿಷಯ. ಕುರಿಗಳ ಪಿತ್ತಜನಕಾಂಗವನ್ನು ಕೊರೆಯುವ ಎಲೆಯಾಕಾರದ ಜಂತು ತನ್ನ ಜೀವನದ ಒಂದು ಭಾಗವನ್ನು ಲಿಮ್ನಿಯಾ ಗುಂಪಿನ ಹುಳುವಿನೊಳಗೆ ಕಳೆಯುತ್ತದೆ. ತೆಳು ಚಿಪ್ಪು, ಅಗಲ ಬಾಯಿ, ಚೂಪು ತುದಿ ಇದರ ಗುರುತು. ದನಗಳಿಗೆ ಮೂಗು ಕಟ್ಟಿ ಗೊರ ಗೊರ ಎನ್ನುವ ರೋಗ ತರುವ ಜಂತು ಬೆಳೆಯುವುದು ಇಂಡೋಪ್ಲ್ಯಾನಾರ್ಬಿಸ್ ಎಂಬ ಇನ್ನೊಂದು ಹುಳುವಿನೊಳಗೆ. ಅದು ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡಿರುತ್ತದೆ. ದಪ್ಪ ಗುಂಡಗಿನ, ಬಾಯಿಗೆ ಗಟ್ಟಿ ಮುಚ್ಚಳವಿರುವ ಪೈಲಾ ಮೂರನೆಯದು. ‘ಕೆರೆಯಲ್ಲಿ ಬಸವನಹುಳು ಇದೆ’ ಎಂದರೆ ಪಶುವೈದ್ಯರಿಗೆ ಏನೂ ಹೇಳಿದಂತಾಗುವುದಿಲ್ಲ. ‘ಇಂಥ ಕೆರೆಯಲ್ಲಿ, ಇಂಥ ತಿಂಗಳಲ್ಲಿ, ಜೊಂಡಿನ ಮೇಲೆ, ಚಕ್ಕುಲಿಯಂಥದ್ದು’ ಎಂದರೆ ಅವರಿಗೆ ಅರ್ಥವಾಗುತ್ತದೆ.

ಇನ್ನೊಂದು ಸಂಗತಿಯನ್ನು ನಮ್ಮ ಕಣ್ಣೆದುರೇ ಬಿಟ್ಟುಬಿಡುತ್ತಿದ್ದೇವೆ. ತುಂಗಭದ್ರಾ ನದಿಯಿಂದ ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ನೀರು ತುಂಬಿಸುವ ಯೋಜನೆ ನಮಗೆಲ್ಲ ಗೊತ್ತು. ವರ್ಷಗಟ್ಟಲೆ ಒಣಗಿ ಬಿರುಕು ಬಿಟ್ಟಿದ್ದ ಅಂಗಳಗಳಿಗೆ ನದಿಯ ನೀರು ಬರುವುದೆಂದರೆ ಹಬ್ಬವೇ. ನೀರಿನ ಜೊತೆಗೆ ಬರುವವರೂ ಇದ್ದಾರೆ. ನೀರುಸಸ್ಯದ ತುಂಡಿಗೆ ಅಂಟಿದ ಒಂದು ಲೋಳೆಯ ಮುದ್ದೆಯಲ್ಲಿ ಹತ್ತಾರು ಮೊಟ್ಟೆಗಳಿರಬಹುದು. ದಡದ ಬಸವನಹುಳುವಿನ ಮರಿ ಸಾಗರದ ಪ್ರವಾಹದಲ್ಲಿ ತೇಲಿ ಹೋದಂತೆ ಇವೂ ಹೊಸ ಕೆರೆಗೆ ಬಂದಾವು. ಬಂದದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಎಂದು ಹೇಳಬೇಕಾದರೆ ನೀರು ಬರುವ ಮುಂಚಿನ ಪಟ್ಟಿ ಬೇಕು. ಒಣಗಿದ ಕೆರೆಯ ಅಂಗಳದ ಮಣ್ಣಿನಲ್ಲಿ ಹಳೆಯ ಚಿಪ್ಪುಗಳು ಬಿದ್ದಿರುತ್ತವೆ. ಅವೇ ಆ ಮುಂಚಿನ ಪಟ್ಟಿ. ನೀರು ನಿಂತು ಹೂಳು ಮುಚ್ಚಿದ ಮೇಲೆ ಅವು ಸಿಗುವುದಿಲ್ಲ.

ಹಾಗಾಗಿ ಕೆರೆಯ ಹತ್ತಿರದ ಶಾಲೆಗಳ ಶಿಕ್ಷಕರು ಹೀಗೆ ಮಾಡಬಹುದು. ನಿಮ್ಮ ಊರಿನ ಕೆರೆ ಇನ್ನೂ ಒಣಗಿದ್ದರೆ ಈ ಬೇಸಿಗೆಯಲ್ಲೇ ಒಂದು ಬೆಳಿಗ್ಗೆ ಮಕ್ಕಳೊಡನೆ ಅಂಗಳದಲ್ಲಿ ನಡೆದಾಡಿ ಖಾಲಿ ಚಿಪ್ಪುಗಳನ್ನು ಆರಿಸಿ, ಆಕಾರದಂತೆ ಗುಂಪು ಮಾಡಿ, ಎಣಿಸಿ, ಚೀಟಿ ಬರೆದು ಇಡಿ. ನೀರು ತುಂಬಿದ ಮೇಲೆ ದಡದಲ್ಲಿ ನಿಂತೇ ಉದ್ದ ಕೋಲಿಗೆ ಜರಡಿ ಕಟ್ಟಿ ಜೊಂಡಿನ ಬುಡ ಸೋಸಿ ನೋಡಿ. ಮಕ್ಕಳು ನೀರಿಗೆ ಇಳಿಯಕೂಡದು. ಮುಳುಗುವ ಭಯ ಒಂದು ಕಡೆಯಾದರೆ, ಚಕ್ಕುಲಿ ಹುಳುವಿನಿಂದ ಹೊರಬರುವ ಜಂತುವಿನ ಮರಿಗಳು ಚರ್ಮಕ್ಕೆ ಹೊಕ್ಕು ಕೆಂಪು ಗಂದೆ, ತುರಿಕೆ ಬರಿಸುತ್ತವೆ. ಕೆಲಸ ಮುಗಿದ ಮೇಲೆ ಎಲ್ಲರೂ ಸೋಪಿನಿಂದ ಕೈ ತೊಳೆಯಲಿ. ಪಟ್ಟಿಯ ಒಂದು ಪ್ರತಿ ಶಾಲೆಯಲ್ಲಿರಲಿ, ಒಂದನ್ನು ಹತ್ತಿರದ ಪಶು ಆಸ್ಪತ್ರೆಗೆ ಕೊಡಿ, ಇನ್ನೊಂದನ್ನು ನಿಮ್ಮ ಸಿ.ಆರ್.ಪಿ. ಮೂಲಕ ನನಗೆ ಕಳುಹಿಸಿ. ಹುಳುವಿನ ಹೆಸರಿನ ಜಾಗ ಖಾಲಿ ಇದ್ದರೂ ಅಡ್ಡಿಯಿಲ್ಲ. ಕೆರೆಯ ಹೆಸರು, ತಾರೀಖು ಇಲ್ಲದ ಪಟ್ಟಿಯನ್ನು ಮಾತ್ರ ಬರೆದು ತುಂಬಿಸಿ ಎಂದು ಹಿಂದಕ್ಕೆ ಕಳುಹಿಸುತ್ತೇನೆ.